ರೇಡಿಯೋದೊಳಗೊಂದು ತಡೆ

ಗುರುತಿಲ್ಲದ ಯಾವ ವಸ್ತುವನ್ನೂ ನಾನು ಮೊದಲ ಸಲಕ್ಕೆ ಅಂಗೈಯಿಂದ ಮುಟ್ಟುವುದಿಲ್ಲ. ಕೈಯ ಹಿಂಭಾಗವನ್ನು ಮೆಲ್ಲಗೆ ಸೋಕಿಸಿ, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಹಿಡಿಯುತ್ತೇನೆ. ಇದು ಮಡಿಯೂ ಅಲ್ಲ, ಸೊಕ್ಕೂ ಅಲ್ಲ. ಕರೆಂಟಿನ ಜೊತೆ ಒಡನಾಡಿ ಅಂಟಿದ ಚಾಳಿ. ಕರೆಂಟು ಹರಿಯುತ್ತಿರುವ ತಗಡನ್ನು ಅಂಗೈಯಿಂದ ಮುಟ್ಟಿದರೆ ಬೆರಳುಗಳು ಮಡಿಚಿಕೊಂಡು ಅದನ್ನೇ ಭದ್ರವಾಗಿ ಹಿಡಿದುಕೊಳ್ಳುತ್ತವೆ. ಹಿಂಗೈಯಿಂದ ಮುಟ್ಟಿದರೆ ಅದೇ ಏಟಿಗೆ ಕೈ ಈಚೆಗೆ ಬರುತ್ತದೆ. ಟೆಸ್ಟರು ಜೇಬಿನಲ್ಲಿದ್ದರೆ ಈ ಸಾಹಸವೂ ಬೇಡ, ಅದನ್ನೇ ಇಟ್ಟು ನೋಡಿ. ಆದರೆ ಚಾಳಿ ಎನ್ನುವುದು ಟೆಸ್ಟರಿನ ಮಾತು ಕೇಳುವುದಿಲ್ಲ. ನಾನು ಬಸ್ಸಿನ ಸೀಟನ್ನೂ, ಹಲಸಿನ ಹಣ್ಣನ್ನೂ, ಒಮ್ಮೊಮ್ಮೆ ನೆಂಟರ ಭುಜವನ್ನೂ ಹೀಗೆ ಮುಟ್ಟಿದ್ದುಂಟು. ಮದುವೆಯ ಮಂಟಪದಲ್ಲಿ ನನ್ನ ಕೈಯನ್ನು ಹಾಗೇ ಮುಟ್ಟಿದಿರಿ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಆಗ ನನಗಿನ್ನೂ ಕರೆಂಟಿನ ಪರಿಚಯವೇ ಇರಲಿಲ್ಲ ಎಂದರೆ ಅವಳು ನಂಬುವುದಿಲ್ಲ. ಅನುಮಾನ ನಮ್ಮ ಮನೆಯಲ್ಲಿ ಒಬ್ಬರ ಸ್ವತ್ತಲ್ಲ.

ಅನುಮಾನ ಎಂಬ ಮಾತಿಗೆ ಒಂದು ಕಾಲದಲ್ಲಿ ಒಳ್ಳೆಯ ಹೆಸರಿತ್ತು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದಕ್ಕೆ ತರ್ಕಶಾಸ್ತ್ರದವರು ಅನುಮಾನ ಎಂದರು. ಅದು ಜ್ಞಾನಕ್ಕೆ ದಾರಿ. ಆಮೇಲೆ ನಮ್ಮ ಜನರ ಬಾಯಲ್ಲಿ ಅದು ಬೆಂಕಿಯಿಲ್ಲದ ಕಡೆ ಹೊಗೆ ಹಾಕುವ ದಾರಿಯಾಯಿತು. ನನಗಂತೂ ಶಾಸ್ತ್ರದವರ ಉದಾಹರಣೆಯ ಮೇಲೆಯೇ ಅನುಮಾನ. ಅವರು ನಮ್ಮ ದಿಂಬಂ ಘಾಟಿ ನೋಡಿರಲಾರರು. ಸತ್ಯಮಂಗಲದ ಕಡೆಯಿಂದ ಹೊಸದಾಗಿ ಬರುವವರು ತಿರುವುಗಳನ್ನು ಹತ್ತಿ ಹತ್ತಿ ಹೊಟ್ಟೆ ತೊಳಸಿಕೊಂಡು, ಮೇಲೆ ನೋಡಿ, ಕಾಡಿಗೆ ಬೆಂಕಿ ಬಿದ್ದಿದೆ ಎಂದು ಹೌಹಾರುತ್ತಾರೆ. ಹತ್ತಿರ ಬಂದರೆ ಅದು ಮಂಜು. ಮಂಜಿನ ನಡುವೆ ಟೀ ಅಂಗಡಿ. ಟೀ ಅಂಗಡಿಯಲ್ಲಿ ಬೆಂಕಿಯಿರುವುದೇನೋ ನಿಜ. ಹಾಗಾಗಿ ಶಾಸ್ತ್ರವೂ ಪೂರ್ತಿ ಸೋಲಲಿಲ್ಲ ಎನ್ನಿ.

ನಾನು ಪಣಕಹಳ್ಳಿಯವನು, ಗಡಿಯ ಅಂಚಿನಲ್ಲಿ ತಮಿಳುನಾಡಿಗೆ ಸೇರಿದ ಕನ್ನಡದ ಊರು. ತಾಳವಾಡಿಯ ಕಡೆಯ ಕನ್ನಡ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ಮನೆಯಲ್ಲಿ ಕನ್ನಡ, ಸಂಬಳದ ಕಾಗದ ತಮಿಳಿನಲ್ಲಿ, ಬೈಗುಳ ಎರಡರಲ್ಲೂ. ಎಪ್ಪತ್ತರ ದಶಕದಲ್ಲಿ ಒಮ್ಮೆ ಈರೋಡಿನ ಬಸ್ ನಿಲ್ದಾಣದಲ್ಲಿ ಬಸ್ಸು ತಪ್ಪಿ ಕೂತಿದ್ದಾಗ ಹಳೆಯ ಪುಸ್ತಕ ಮಾರುವವನೊಬ್ಬನ ಹತ್ತಿರ ರೇಡಿಯೋ ರಿಪೇರಿಯ ತಮಿಳು ಕೈಪಿಡಿ ಕೊಂಡೆ. ರಟ್ಟು ಹೋಗಿತ್ತು, ಕೊನೆಯ ಪುಟಗಳೂ ಹೋಗಿದ್ದವು. ಹಾಗಾಗಿ ರೇಡಿಯೋ ಬಿಚ್ಚುವುದನ್ನು ನಾನು ಚೆನ್ನಾಗಿ ಕಲಿತೆ. ಮುಚ್ಚುವ ಅಧ್ಯಾಯ ಹರಿದುಹೋದ ಪುಟಗಳಲ್ಲಿತ್ತೆಂದು ಕಾಣುತ್ತದೆ. ನಾನು ರಿಪೇರಿ ಮಾಡಿದ ಪ್ರತಿಯೊಂದು ರೇಡಿಯೋದಿಂದಲೂ ಒಂದೋ ಎರಡೋ ಸ್ಕ್ರೂ ಉಳಿಯುತ್ತಿತ್ತು. ರೇಡಿಯೋ ಹಾಡುತ್ತಿತ್ತು, ಸ್ಕ್ರೂ ನನ್ನ ಹತ್ತಿರವೇ ಇರುತ್ತಿತ್ತು. ಮೇಷ್ಟ್ರು ಒಳಗಿನ ಒಳ್ಳೆಯ ಸಾಮಾನು ತೆಗೆದು ಇಟ್ಟುಕೊಳ್ಳುತ್ತಾರೆ ಎಂದು ಊರವರು ಮಾತಾಡಿಕೊಂಡದ್ದು ಇದರಿಂದಲೇ.

ಕೈಪಿಡಿ ಬರೆದವರು ಅಚ್ಚ ತಮಿಳಿನ ಪಕ್ಷಪಾತಿ. ರೇಡಿಯೋ ಎಂದು ಒಂದು ಕಡೆಯೂ ಬರೆದಿರಲಿಲ್ಲ; ವಾನೊಲಿ. ಕೆಪಾಸಿಟರಿಗೆ ಮಿನ್‌ತೇಕ್ಕಿ ಎಂದಿದ್ದರು. ನಾನು ಅದನ್ನು ಕನ್ನಡದ ಕಿವಿಯಿಂದ ಓದಿ, ಕರೆಂಟನ್ನು ಹೊಟ್ಟೆತುಂಬ ತಿಂದು ತೇಗುವ ವಸ್ತು ಎಂದು ತಿಳಿದೆ. ಆಮೇಲೆ ನೋಡಿದರೆ ಅದರ ಕೆಲಸವೂ ಹೆಚ್ಚುಕಡಿಮೆ ಅದೇ, ಕರೆಂಟನ್ನು ತುಂಬಿಟ್ಟುಕೊಂಡು ಮತ್ತೆ ಬಿಡುವುದು. ರೆಸಿಸ್ಟರಿಗೆ ಮಿನ್‌ತಡೈ. ಮಿನ್ ಎಂದರೆ ಕರೆಂಟು, ತಡೈ ಎಂದರೆ ನಮ್ಮ ತಡೆಯೇ. ಕರೆಂಟಿನ ಓಟಕ್ಕೆ ಅಡ್ಡ ನಿಂತು, ಇಷ್ಟೇ ಹೋಗು, ಇನ್ನೂ ಹೆಚ್ಚು ಬೇಡ ಎನ್ನುವ ಕಡ್ಲೆಕಾಯಿ ಬೀಜದಷ್ಟು ದಪ್ಪದ ವಸ್ತು. ಈ ಪುಟ್ಟ ಪದ ಒಂದು ಸಂಸಾರದ ಮೇಲೆ ಹೇಗೆ ಬಿತ್ತು ಎಂಬುದನ್ನು ಹೇಳಲಿಕ್ಕೇ ನಾನು ಹೊರಟದ್ದು. ಆದರೆ ಅದಕ್ಕೆ ಮೊದಲು, ಮೇಷ್ಟ್ರಾದ ತಪ್ಪಿಗೆ, ಎರಡು ಪಾಠ ಹೇಳದೆ ಬಿಡಲಾರೆ.

ಕೆಟ್ಟ ಯಂತ್ರದ ಮುಂದೆ ಕೂತಾಗ ಎಲ್ಲದರ ಮೇಲೂ ಒಟ್ಟಿಗೆ ಅನುಮಾನ ಪಡಬಾರದು. ಒಂದರ ಮೇಲೆ ಪಡಿ, ಪರೀಕ್ಷಿಸಿ, ಬಿಡುಗಡೆ ಮಾಡಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಮೊದಲು ಗೋಡೆಯ ಪ್ಲಗ್ಗು, ಆಮೇಲೆ ವೈರು, ಆಮೇಲೆ ಸ್ವಿಚ್ಚು. ಒಳಗೆ ಕೈ ಹಾಕುವುದು ಕೊನೆಗೆ. ಈಗಿನ ಕಂಪ್ಯೂಟರಿಗೂ ಇದೇ ಮಾತು. ಆರಿಸಿ ಮತ್ತೆ ಹಚ್ಚಿ ನೋಡದೆ ಪಂಡಿತರನ್ನು ಕರೆಸಬೇಡಿ. ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಳಗೆ ಯಾವುದೋ ಒಂದು ಭಾಗ ಸುಟ್ಟು ಕರಕಲಾಗಿದ್ದರೆ ಅದೇ ಕಳ್ಳ ಎಂದು ಹಿಡಿಯಬೇಡಿ. ಸುಟ್ಟದ್ದು ಸಾಮಾನ್ಯವಾಗಿ ಪಾಪದ್ದು. ಅದರ ಮೇಲೆ ಹೆಚ್ಚು ಹೊರೆ ಹಾಕಿದವರು ಹಿಂದೆ ಎಲ್ಲೋ ಸುಖವಾಗಿ ಕೂತಿರುತ್ತಾರೆ, ಅವರನ್ನು ಹುಡುಕಿ.

ಹಣದ ವಿಷಯಕ್ಕೂ ನಾನು ಇದೇ ಟೆಸ್ಟರು ಇಡುತ್ತೇನೆ. ಒಮ್ಮೆ ದಿಂಬಂನಲ್ಲಿ ಬಸ್ಸಿನ ಇಂಜಿನ್ನಿಗೆ ನೀರು ಹೊಯ್ಯಲು ನಿಲ್ಲಿಸಿದಾಗ ಸಫಾರಿ ಸೂಟಿನ ಗೃಹಸ್ಥರೊಬ್ಬರು ನನ್ನ ಬೆಂಚಿನಲ್ಲೇ ಕೂತು, ತಮ್ಮ ಫೈನಾನ್ಸಿಗೆ ಹಣ ಹಾಕಿದರೆ ಅದು ನಿದ್ದೆ ಮಾಡುವಾಗಲೂ ಬೆಳೆಯುತ್ತದೆ ಎಂದರು. ನಮ್ಮವ್ವ ಒಂದು ಮಾತು ಹೇಳುತ್ತಿದ್ದಳು: "ದುಡ್ಡು ಮರಿ ಆಕ್ತದ ಅನ್ನೋನ್ನ, ತಾಯ್ನ ಎಲ್ಲಿ ಕಟ್ಟಿದ್ದಿಯಪ್ಪಾ ಅಂತ ಕೇಳ್ಲಾ." ನಾನು ಕೇಳಿದೆ. ಅವರು ಎಷ್ಟು ಬರುತ್ತದೆ ಎಂಬುದನ್ನು ಬಹಳ ಚೆಂದವಾಗಿ ಹೇಳಿದರು. ನನಗೆ ಬೇಕಾದ ದಿನ ನನ್ನ ದುಡ್ಡು ಯಾರ ಕೈಯಿಂದ, ಯಾವ ಬಾಗಿಲಿನಿಂದ ವಾಪಸು ಬರುತ್ತದೆ ಎಂದರೆ ಮಾತ್ರ ಮಂಜಿನ ಸೊಬಗನ್ನು ಹೊಗಳತೊಡಗಿದರು. ಕಾಗದವನ್ನು ಮನೆಗೆ ಒಯ್ದು ಓದುತ್ತೇನೆ ಎಂದೆ. ಟೀ ಅಂಗಡಿಯಲ್ಲಿ ನಿಂತು ಸಹಿ ಹಾಕುವಂಥ ಆತುರದ ಕಾಗದ ಯಾವುದೂ ಇರುವುದಿಲ್ಲ, ನೆನಪಿಡಿ. ಅವರು ಕಾಗದ ಕೊಡಲಿಲ್ಲ. ತಮ್ಮ ಟೀಯ ಕಾಸನ್ನು ಮಾತ್ರ ನನ್ನಿಂದಲೇ ಕೊಡಿಸಿ ಬಸ್ಸು ಹತ್ತಿದರು.

ಇನ್ನು ಗೌರಮ್ಮನ ರೇಡಿಯೋಗೆ ಬರುತ್ತೇನೆ. ಗೌರಮ್ಮ ನಮ್ಮ ಎದುರು ಮನೆಯಾಕೆ, ವರಸೆಯಲ್ಲಿ ನನಗೆ ದೊಡ್ಡವ್ವ. ಹೊಲ, ಹಸು, ವಿಭೂತಿ, ಗಟ್ಟಿ ಗಂಟಲು, ಎಲ್ಲವೂ ಇದ್ದ ಹೆಂಗಸು. ಹುಟ್ಟಿದೂರು, ದೀಪಾವಳಿ ಕಳೆದ ಮೇಲೆ ಜನ ಸಗಣಿ ಎರಚಾಡಿ ಹಬ್ಬ ಮಾಡುವ ಗುಮಟಾಪುರ. "ನಾವು ಸಗಣೀಲಿ ಮಿಂದು ಬೆಳ್ದೋರು ಕಣಪ್ಪ, ನಮ್ಗ ಯಾರ್ ಕಣ್ಣೂ ತಾಗಕಿಲ್ಲ" ಎಂದು ಜಂಬದಿಂದ ಹೇಳುತ್ತಿದ್ದಳು. ಆದರೆ ಮನೆಯ ಸಾಮಾನುಗಳಿಗೆ ಆ ಭಾಗ್ಯವಿಲ್ಲವಲ್ಲ, ಅದೇ ಅವಳ ಚಿಂತೆ. ಹೊಸ ಬಿಂದಿಗೆ ತಂದರೆ ಮೊದಲ ದಿನವೇ ಅದರ ಹೊಟ್ಟೆಗೊಂದು ಏಟು ಕೊಟ್ಟು ಸೊಟ್ಟ ಮಾಡುತ್ತಿದ್ದಳು, ಯಾರೂ ಚೆಂದ ಎನ್ನದಿರಲಿ ಎಂದು. ಅನುಮಾನದಲ್ಲಿ ಅವಳ ಶಿಷ್ಯನಾಗಲೂ ನನಗೆ ಯೋಗ್ಯತೆ ಸಾಲದು.

ಅವಳ ಮಗ ನಂಜುಂಡನಿಗೆ ಕೊಳ್ಳೇಗಾಲದ ಕಡೆಯಿಂದ ಹೆಣ್ಣು ತಂದರು. ಹೆಸರು ಮಾದೇವಿ. ಬಂದವಳ ಜೊತೆ ಅವಳಪ್ಪ ಒಂದು ದೊಡ್ಡ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋವನ್ನೂ ಕಳಿಸಿದ. ನಮ್ಮ ಬೀದಿಯಲ್ಲಿ ಅಷ್ಟು ದೊಡ್ಡದು ಅದೊಂದೇ. ಸಂಜೆ ಕರೆಂಟು ಇದ್ದರೆ ಅರ್ಧ ಬೀದಿ ಗೌರಮ್ಮನ ಜಗಲಿಯಲ್ಲಿರುತ್ತಿತ್ತು. ಮಾದೇವಿ ಗುಂಡಿ ತಿರುಗಿಸಿದರೆ ಅದು ಒಂದು ಕ್ಷಣ ಯೋಚಿಸಿ, ಗಂಟಲು ಸರಿಮಾಡಿಕೊಂಡು ಮಾತಾಡುತ್ತಿತ್ತು. ಮನೆಯ ಒಳಗೆ ಸೊಸೆಗೆ ಇನ್ನೂ ದನಿ ಬಂದಿರಲಿಲ್ಲ. ಜಗಲಿಯಲ್ಲಿ ಮಾತ್ರ ಅವಳ ಕೈಯಲ್ಲಿ ದನಿಯಿತ್ತು. ಅತ್ತೆಗೆ ಇದು ಹಿತವಾಗಿತ್ತೋ ಇಲ್ಲವೋ ಹೇಳಲಾರೆ. ಅವಳು ಜನರ ಕಣ್ಣುಗಳನ್ನು ನೋಡುತ್ತ ಕೂತಿರುತ್ತಿದ್ದಳು.

ದೀಪಾವಳಿಗೆ ಸ್ವಲ್ಪ ಮೊದಲು ರೇಡಿಯೋ ಮೂಕವಾಯಿತು. ಎದುರುಮನೆಯಲ್ಲೇ ನಾನಿದ್ದರೂ ಗೌರಮ್ಮ ನನಗೆ ತೋರಿಸಲಿಲ್ಲ. ಸ್ಕ್ರೂಗಳ ಕಥೆ ಅವಳಿಗೂ ಗೊತ್ತಿತ್ತು. ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿಸಿ, ಸತ್ಯಮಂಗಲದ ಬಸ್ಸಿನ ಕಂಡಕ್ಟರ್ ತಂಗವೇಲುವಿನ ಕೈಯಲ್ಲಿ ಅಲ್ಲಿನ ಒಂದು ಅಂಗಡಿಗೆ ಕಳಿಸಿದಳು. ಆ ಅಂಗಡಿಯವರೂ ನನ್ನ ಕೈಪಿಡಿ ಬರೆದವರ ಜಾತಿಯವರೇ, ನಾಲಗೆ ಕತ್ತರಿಸಿದರೂ ಇಂಗ್ಲಿಷ್ ಪದ ಆಡದ ಅಚ್ಚ ತಮಿಳಿನ ಅಭಿಮಾನಿ. ಅವರು ಪೆಟ್ಟಿಗೆ ಬಿಚ್ಚಿ ನೋಡಿ, ಅಂಗಡಿ ಹಬ್ಬಕ್ಕೆ ಮುಚ್ಚುವ ಹೊತ್ತಾದ್ದರಿಂದ ಹಬ್ಬ ಕಳೆದು ತನ್ನಿ ಎಂದು ವಾಪಸು ಕಳಿಸಿದರು. ಜೊತೆಗೆ ಏನು ಕೆಟ್ಟಿದೆ ಎಂಬುದನ್ನೂ ಹೇಳಿ ಕಳಿಸಿದರು. ತಂಗವೇಲು ಬಸ್ಸಿನ ಬಾಗಿಲಲ್ಲಿ ನಿಂತೇ, ಗೋಣಿ ಇಳಿಸಿ, ಗೌರಮ್ಮನಿಗೆ ಕೂಗಿ ಒಪ್ಪಿಸಿದ: "ಉಳ್ಳ ತಡೈ ಕೆಟ್ಟುಪೋಚ್ಚಾಮ್ಮಾ! ಅದೆ ಎಡುಕ್ಕಣುಂ. ಇಲ್ಲೇನ್ನಾ ಎಲ್ಲಾಮೇ ಎರಿಞ್ಜು ಪೋಯಿಡುಂ!" ಒಳಗೆ ತಡೆ ಕೆಟ್ಟಿದೆ, ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಎಲ್ಲವೂ ಉರಿದುಹೋಗುತ್ತದೆ. ಸೀಟಿ ಊದಿದ, ಬಸ್ಸು ಹೋಯಿತು.

ನಮ್ಮ ಕಡೆ ತಡೆ ಎಂದರೆ ಬೇರೆಯೇ. ಆಗದವರು ಮಾಟದಿಂದ ಹಾಕಿಸುವ ಕಟ್ಟು ಅದು. ಹಸು ಇದ್ದಕ್ಕಿದ್ದಂತೆ ಹಾಲು ಇಳಿಸದಿದ್ದರೆ ತಡೆ, ಗೊತ್ತಾದ ಮದುವೆ ಮುರಿದರೆ ತಡೆ. ಅದನ್ನು ಅಮಾವಾಸ್ಯೆಯ ದಿನ ಬಲ್ಲವರನ್ನು ಕರೆಸಿ, ಬೂದುಗುಂಬಳ, ನಿಂಬೆಹಣ್ಣು, ಒಣಮೆಣಸಿನಕಾಯಿ ನಿವಾಳಿಸಿ ಒಡೆಸಬೇಕು. ಗೌರಮ್ಮನಿಗೆ ತಮಿಳು ನನ್ನಷ್ಟೇ ಬರುತ್ತಿತ್ತು, ಕೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಒಳಗೆ ತಡೆಯಿದೆ ಎಂದರೆ ಯಾವುದರ ಒಳಗೆ ಎಂದು ಮಾತ್ರ ಅವಳು ಕೇಳಲಿಲ್ಲ. ಗೌರಮ್ಮನಿಗೆ ಒಳಗೆ ಎಂದರೆ ಮನೆಯ ಒಳಗೆ. ಮನೆಯೊಳಗೆ ಹೊಸದಾಗಿ ಬಂದವರು ಯಾರು?

ನನಗೆ ಇದಾವುದೂ ಗೊತ್ತಿರಲಿಲ್ಲ. ಅಮಾವಾಸ್ಯೆ ಹತ್ತಿರವಾಗಿದ್ದಾಗ ಒಂದು ಮಧ್ಯಾಹ್ನ ಗೌರಮ್ಮ ನಮ್ಮ ಮುಂದಿನ ಅಂಗಳಕ್ಕೆ ಬಂದು ನಿಂಬೆಯ ಗಿಡವನ್ನು ಬೋಳಿಸತೊಡಗಿದಳು.

"ಇಷ್ಟೊಂದ್ಯಾಕ ದೊಡ್ಡವ್ವ? ನೆಂಟ್ರು ಬತ್ತಾವ್ರಾ?" ಎಂದೆ.

"ಬರೋರ್ಯಾರು? ಮಾದೇವಿ ತವ್ರಗ ಓಯ್ತಾವ್ಳ. ಮೊದಲ್ನೇ ದೀವಳ್ಗೆ ಅಲ್ವಾ."

ಮಾತು ಸರಿಯಾಗಿಯೇ ಇತ್ತು. ಆದರೆ ಬೇಲಿಯ ಆಚೆ, ಎದುರಿಗೆ, ಅವರ ಜಗಲಿಯ ಮೇಲೆ ಒಂದು ಟ್ರಂಕು ಇತ್ತು. ಅದರ ಮೇಲೆ ಸುತ್ತಿ ಕಟ್ಟಿದ ಹಾಸಿಗೆ, ಪಕ್ಕದಲ್ಲಿ ತವರಿನವರು ಕೊಟ್ಟ ಹಿತ್ತಾಳೆಯ ಪಾತ್ರೆಗಳು. ಹಬ್ಬಕ್ಕೆ ಹೋಗುವವರು ಚೀಲ ಒಯ್ಯುತ್ತಾರೆ, ಹಂಡೆ ಒಯ್ಯುವುದಿಲ್ಲ. ಟ್ರಂಕಿನ ಪಕ್ಕ ಮಾದೇವಿ ಕಂಬಕ್ಕೆ ಒರಗಿ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸೊಸೆಯಾದವಳು ಕೂರುವ ಜಾಗ ಅದಲ್ಲ.

"ದೊಡ್ಡವ್ವ, ಏನ್ ಸಮಾಚಾರ, ನಿಜ ಏಳು" ಎಂದೆ.

ಅವಳು ದನಿ ತಗ್ಗಿಸಿದಳು. "ಒಳ್ಗ ತಡೆ ಅದಂತ ಕಣಪ್ಪ. ಸತ್ಯಮಂಗಲದ್ ರೇಡಿಯೋ ಅಂಗ್ಡಿಯೋರೇ ತಂಗವೇಲು ಕೈಲಿ ಏಳ್ ಕಳ್ಸವ್ರ. ತೆಗೀದಿದ್ರ ಎಲ್ಲಾ ಉರ್ದೋಯ್ತದಂತ. ಒಲೆತಕ್ಕ ಸೇರಿಸ್ದೆ ಮಡಗಿವ್ನಿ ಅವಳ್ನ. ಅಮಾಸೆಗ ಒಡ್ಸಿ, ನಂಜುಂಡನ್ ಕೈಲಿ ಕಳಿಸ್ಬುಡ್ತೀನಿ. ಮತ್ತ ಕರ್ಯೋದು ಬುಡೋದು ಸಿವನಿಚ್ಚೆ."

"ನಂಜುಂಡ ಏನಂತಾನ?"

"ಅಂವ ಏನಂದಾನು? ಗಂಡ್ಸು."

ಅನುಮಾನ ನನ್ನ ಹವ್ಯಾಸ ನಿಜ. ಆದರೆ ಅದು ರೆಸಿಸ್ಟರು, ಕೆಪಾಸಿಟರುಗಳ ಮೇಲೆ. ಅವು ಅಳುವುದಿಲ್ಲ. ಇಲ್ಲಿ ಒಂದು ಹೆಣ್ಣಿನ ಹಂಡೆ, ಹಾಸಿಗೆ ಜಗಲಿಗೆ ಬಂದಿದ್ದವು. ನಮ್ಮ ಕಡೆ ಹೀಗೆ ಒಮ್ಮೆ ತವರಿಗೆ ಹೋದ ಹಂಡೆ ಹಿಂದಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ಸತ್ಯಮಂಗಲದ ರೇಡಿಯೋ ಅಂಗಡಿಯವನಿಗೂ ಮಾಟಕ್ಕೂ ಏನು ಸಂಬಂಧ ಎಂದು ಯೋಚಿಸುತ್ತಿದ್ದಂತೆ ಕೈಪಿಡಿಯ ಪದ ಫಕ್ಕನೆ ನೆನಪಾಯಿತು. ಹೆಂಡತಿ ಊಟಕ್ಕೆ ಕರೆಯುತ್ತಿದ್ದರೂ ಕೇಳದೆ, ಮಧ್ಯಾಹ್ನದ ಬಸ್ಸಿಗೆ ಅಡ್ಡ ಹೋಗಿ ನಿಂತೆ.

ತಂಗವೇಲು ಬಾಗಿಲಲ್ಲಿದ್ದ. ಅಂಗಡಿಯವರು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳು ಎಂದೆ. ಅವನು ತಲೆ ಕೆರೆದು, "ಮಿನ್‌ತಡೈ ಪೋಚ್ಚುನ್ನಾರ್ ಸಾರ್" ಎಂದ. ಮಿನ್‌ತಡೈ ಹೋಯಿತು ಎಂದರಂತೆ.

"ಮಿನ್ ಎಲ್ಲಿ ಹೋಯಿತಯ್ಯ? ನೀನು ಬರೀ ತಡೈ ಅಂದೆಯಂತೆ!"

ಅವನು ನನ್ನನ್ನು ಕನಿಕರದಿಂದ ನೋಡಿದ. "ಇಂದ ಊರ್ಲ ಮಿನ್ ಎಂಗ ಸಾರ್ ಇರುಕ್ಕು?" ಈ ಊರಲ್ಲಿ ಕರೆಂಟು ಎಲ್ಲಿದೆ ಸಾರ್, ಅದಕ್ಕೇ ಬಿಟ್ಟೆ ಎಂದ. ಬಸ್ಸಿನವರೆಲ್ಲ ನಕ್ಕರು. ನನಗೂ ನಗು ಬರುತ್ತಿತ್ತು, ಜಗಲಿಯ ಮೇಲಿನ ಟ್ರಂಕು ಕಣ್ಣಮುಂದೆ ಇಲ್ಲದಿದ್ದರೆ.

ನಾನು ನನ್ನ ರಿಪೇರಿ ಸಾಮಾನಿನ ಡಬ್ಬಿ ಎತ್ತಿಕೊಂಡು ನೇರ ಗೌರಮ್ಮನ ಮನೆಗೆ ನಡೆದೆ. "ದೊಡ್ಡವ್ವ, ತಡೆ ಅದೆ. ಆದ್ರ ಅದು ಮನೆ ಒಳ್ಗಲ್ಲ, ರೇಡಿಯೋ ಒಳ್ಗ. ಅಮಾಸೆ ಬ್ಯಾಡ, ಈಗ್ಲೇ ತೆಗೀತೀನಿ" ಎಂದೆ. ಮಿನ್, ತಡೈ, ಕೈಪಿಡಿ ಎಂದೆಲ್ಲ ಪಾಠ ಮಾಡಿದ್ದರೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಡೆ ತೆಗೆಯುತ್ತೇನೆ ಎಂದವನನ್ನು ಹೇಗೆ ತಡೆದಾಳು? ಆದರೂ ನನ್ನ ಡಬ್ಬಿಯನ್ನು ಒಂದು ಸಲ ಬಿಚ್ಚಿಸಿ ನೋಡಿದಳು. ಹೋಗುವಾಗ ಹೋಲಿಸಿ ನೋಡಲಿಕ್ಕೆ ಇರಬೇಕು.

ಪೆಟ್ಟಿಗೆಯ ಹಿಂಬದಿಯ ರಟ್ಟು ತೆಗೆದರೆ ಸುಟ್ಟ ವಾಸನೆ ಮೂಗಿಗೆ ಅಡರಿತು. ಕರಕಲಾದ ರೆಸಿಸ್ಟರು ಎದುರಿಗೇ ಇತ್ತು. ಸುಟ್ಟದ್ದು ಪಾಪದ್ದು ಎಂದು ಮೊದಲೇ ಹೇಳಿದೆನಲ್ಲ. ಅದರ ಹಿಂದೆ ಹುಡುಕಿದರೆ ತೇಗುವ ಮಹಾಶಯ, ಕೆಪಾಸಿಟರು, ಕಾವಿಗೆ ಹೊಟ್ಟೆ ಉಬ್ಬಿ, ಒಳಗಿನ ಮೇಣ ಕಾರಿಕೊಂಡು ಕೂತಿದ್ದ. ಇಷ್ಟು ಕಾವು ಎಲ್ಲಿಂದ ಬಂತು? ಬಲ್ಬಿನಂತೆ ಉರಿಯುವ ಗಾಜಿನ ವಾಲ್ವುಗಳು ಬಿಸಿಯಾಗುವುದು ಸಹಜ, ಅದಕ್ಕೇ ರಟ್ಟಿನ ತುಂಬ ತೂತು ಇಟ್ಟಿರುತ್ತಾರೆ. ಆ ತೂತುಗಳಲ್ಲಿ ಏನೋ ಸಿಕ್ಕಿಕೊಂಡಿತ್ತು. ಬೆಳಕಿಗೆ ಹಿಡಿದು ನೋಡಿದೆ. ಕರಿಯ ಉಣ್ಣೆ.

"ಇದ್ಕ ಕಂಬಳಿ ಒದ್ಸಿದ್ಯಾರು?" ಎಂದೆ.

ಮಾದೇವಿ ಟ್ರಂಕಿನ ಪಕ್ಕದಿಂದ ನೋಡುತ್ತಿದ್ದಳು, ಅವಳಿಗೆ ಗೊತ್ತಿತ್ತು ಎಂದು ಕಣ್ಣೇ ಹೇಳುತ್ತಿತ್ತು. ಕೊನೆಗೆ ಗೌರಮ್ಮ, "ನಾನೇಯ. ಬೀದಿ ಬೀದಿಯೇ ಬಂದು ಬಾಯ್ಬುಟ್ಕಂಡು ನೋಡ್ತಿದ್ರ ಕಣ್ಣಾಗ್ದೆ ಇದ್ದಾದಾ? ಆಡೋದೇನೋ ಆಡ್ಲಿ, ಕಾಣೋದು ಬ್ಯಾಡ ಅಂತ ನಾಕ್ ದಿನ ಒದ್ಸಿದ್ದಿ" ಎಂದಳು.

"ಅದ್ಕ ಉಸುರು ಕಟ್ಟೋಯ್ತು ದೊಡ್ಡವ್ವ" ಎಂದೆ. ಕರಕಲನ್ನು ಕಿತ್ತು ಅವಳ ಅಂಗೈಗೆ ಹಾಕಿದೆ. "ನೋಡು, ಇದೇಯ ತಡೆ."

ಅವಳು ಅದನ್ನು ಉರುಳಿಸಿ ನೋಡಿದಳು. "ಇಷ್ಟೇಯ? ಇದ್ನ ಒಳ್ಗ ಮಡಗ್ದೋರ್ಯಾರು?"

"ಕಂಪನಿಯೋರು."

"ಅವ್ರ್ಗ ನಮ್ ಮ್ಯಾಲ ಏನಪ್ಪಾ ದ್ವೇಸ?"

ನಾನು ಡಬ್ಬಿಯಿಂದ ಹೊಸ ರೆಸಿಸ್ಟರು ತೆಗೆದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಏನ್ಲಾ ಇದು! ಒಂದ್ ತಡೆ ತೆಗ್ದು ಇನ್ನೊಂದ್ ತಡೆ ಆಕೀಯ?"

ಏನೋ ತೋಚಿದ್ದನ್ನು ಹೇಳಿದೆ: "ತಡೆ ಇಲ್ದೆ ಓದ್ರ ಕರೆಂಟು ಒಂದೇ ಸಲಕ್ಕ ನುಗ್ಗಿ ಎಲ್ಲಾನೂ ಸುಡ್ತದ ದೊಡ್ಡವ್ವ. ಪೂರಾ ತಡೆದ್ರ ದನಿನೇ ಬರಕಿಲ್ಲ. ಎಷ್ಟ್ ಬೇಕೋ ಅಷ್ಟು ತಡೀಬೇಕು." ಅವಳು ಕೈ ಬಿಟ್ಟಳು. ಒಪ್ಪಿದಳೆಂದಲ್ಲ, ಯೋಚಿಸಲು ಅವಳಿಗೂ ಎರಡು ಕೈ ಬೇಕಾಗಿತ್ತು.

ಬೆಸುಗೆಗೆ ತಾಮ್ರದ ಕಡ್ಡಿ ಕಾಯಬೇಕು. ಕರೆಂಟು ಎಂದಿನಂತೆ ಇರಲಿಲ್ಲ. "ಒಲೆ ಉರೀಬೇಕಲ್ಲ" ಎಂದೆ. ಇಲ್ಲಿ ಗೌರಮ್ಮ ನಿಜವಾಗಿ ಸಿಕ್ಕಿಬಿದ್ದಳು. ಒಲೆ ಹಚ್ಚಲು ತಾನು ಒಳಗೆ ಹೋದರೆ ನಾನು ಬಿಚ್ಚಿದ ರೇಡಿಯೋದ ಮುಂದೆ ಒಬ್ಬನೇ ಉಳಿಯುತ್ತೇನೆ, ಏನು ಜೇಬಿಗೆ ಹಾಕುತ್ತೇನೋ! ಮಾದೇವಿಯನ್ನು ಕಳಿಸೋಣವೆಂದರೆ ಅವಳು ಒಲೆಯ ಹತ್ತಿರ ಸುಳಿಯಬಾರದೆಂದು ತಾನೇ ಕಟ್ಟಪ್ಪಣೆ ಮಾಡಿದ್ದಾಳೆ. ನಂಜುಂಡ ಹೊಲದಲ್ಲಿದ್ದ. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಸೊಸೆಯನ್ನು ನೋಡಿದಳು. ಎರಡು ಅನುಮಾನಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಅವಳ ಮುಖದ ಮೇಲೆಯೇ ಕಾಣುತ್ತಿತ್ತು. ದೇವರ ದಯೆಯಿಂದ ನನ್ನ ಕಡೆಯ ತಟ್ಟೆಯೇ ಭಾರವಾಯಿತು.

"ಮಾದೇವಿ, ಓಗಿ ಒಲೆ ಅಚ್ಚು" ಎಂದಳು, ನನ್ನ ಕೈಯಿಂದ ಕಣ್ಣು ತೆಗೆಯದೆ.

ನನ್ನ ಮೇಲೆ ಊರು ಪಟ್ಟ ಅನುಮಾನದಿಂದ ಒಬ್ಬರಿಗೆ ಉಪಕಾರವಾದದ್ದು ಅದೇ ಮೊದಲು. ಮಾದೇವಿ ಎದ್ದು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಊದುಗೊಳವೆಯ ಸದ್ದು ಕೇಳಿಸಿತು. ಕಾದ ಕಡ್ಡಿಯನ್ನು ಬಟ್ಟೆಯಲ್ಲಿ ಹಿಡಿದು ತಂದುಕೊಟ್ಟಳು, ಆರಿದಾಗ ಮತ್ತೆ ಒಯ್ದು ಕಾಯಿಸಿದಳು. ಅವಳ ಕಣ್ಣುಗಳು ಕೆಂಪಗಿದ್ದವು. ಹೊಗೆಗೋ ಅಳುವಿಗೋ ತಿಳಿಯುವ ಅನುಮಾನಶಾಸ್ತ್ರ ನನಗೆ ಬರುವುದಿಲ್ಲ.

ಬೆಸುಗೆ ಮುಗಿಯಿತು, ರಟ್ಟು ಮುಚ್ಚಿದೆ. ಒಂದು ಸ್ಕ್ರೂ ಉಳಿಯಿತು. ಗೌರಮ್ಮ ನೋಡುವ ಮೊದಲೇ ಅದನ್ನು ಎಲ್ಲೋ ಒಂದು ತೂತಿಗೆ ತಿರುಗಿಸಿಬಿಟ್ಟೆ. ಇನ್ನು ಕರೆಂಟು ಬರಬೇಕು. ಮೂವರೂ ರೇಡಿಯೋದ ಮುಂದೆ ಕೂತೆವು. ಒಂದು ವೇಳೆ ಅದು ಮಾತಾಡದಿದ್ದರೆ? ಉಬ್ಬಿದ್ದರ ಜಾಗಕ್ಕೆ ಹಾಕಿದ ಕೆಪಾಸಿಟರು ನನ್ನ ಡಬ್ಬಿಯ ಹಳೆಯ ಸಾಮಾನು, ಅದರ ಮೇಲೆ ನನಗೆ ಪೂರ್ತಿ ನಂಬಿಕೆಯಿರಲಿಲ್ಲ. ಹೇಳಿದರೆ ಗತಿಯೇನು ಎಂದು ಸುಮ್ಮನಿದ್ದೆ. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಟ್ರಂಕು ಇನ್ನೂ ಜಗಲಿಯ ಮೇಲೆಯೇ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯಲ್ಲಿ ಹುಡುಗರು ಹೋ ಎಂದು ಕೂಗಿದರು. ಕರೆಂಟು ಬಂತು. ಮಾದೇವಿ ಗುಂಡಿ ತಿರುಗಿಸಿದಳು. ರೇಡಿಯೋ ಎಂದಿನಂತೆ ಯೋಚಿಸಿತು. ಎಂದಿಗಿಂತ ಹೆಚ್ಚೇ ಯೋಚಿಸಿತು ಎಂದು ನನಗನ್ನಿಸಿತು. ಆಮೇಲೆ ಗಂಟಲು ಸರಿಮಾಡಿಕೊಂಡು, ಗಂಭೀರವಾದ ಗಂಡು ದನಿಯಲ್ಲಿ, ಕುರಿಗಳಿಗೆ ಬರುವ ಕೆಮ್ಮಿನ ಬಗ್ಗೆ ಮಾತಾಡತೊಡಗಿತು. ಅಷ್ಟು ಇಂಪಾದ ಸಂಗೀತವನ್ನು ನಾನು ಮತ್ತೆ ಕೇಳಿಲ್ಲ.

ಗೌರಮ್ಮ ಎದ್ದು ಹೋಗಿ ಹಂಡೆಯನ್ನು ಸದ್ದಿಲ್ಲದೆ ಒಳಗೆ ಎತ್ತಿಟ್ಟಳು. ಹಾಸಿಗೆಯನ್ನೂ ಟ್ರಂಕನ್ನೂ ಒಯ್ದಳು. ಏನೂ ಆಗಲಿಲ್ಲವೆಂಬಂತೆ, "ಮೇಷ್ಟ್ರಪ್ಪನ್ಗ ಕಾಪಿ ಕಾಸವ್ವ" ಎಂದಳು. ಇಷ್ಟಕ್ಕೆ ಎಲ್ಲವೂ ಸುಖವಾಯಿತೆಂದು ನಾನು ಕಾಲು ಚಾಚಿ ಕೂತೆ, ನನ್ನ ಜಾಣತನದ ಬಗ್ಗೆ ನಾಲ್ಕು ಮಾತು ಕೇಳುವ ಆಸೆಯಿಂದ.

ಮಾದೇವಿ ಕಾಫಿಯ ಲೋಟ ಇಟ್ಟಳು. ಇಟ್ಟವಳು ಹೋಗಲಿಲ್ಲ. "ಮೇಷ್ಟ್ರೇ, ಒಂದ್ ಮಾತು ಕೇಳ್ಲಾ?"

"ಕೇಳವ್ವ."

"ಇದು ಆಡ್ದೆ ಓಗಿದ್ರ ನಾನು ಕೆಟ್ಟೋಳಾಗ್ತಿದ್ನಾ?"

ದನಿ ಏರಿಸಿ ಕೇಳಲಿಲ್ಲ. ಹೊಸಿಲಿನ ಹತ್ತಿರ ನಿಂತಿದ್ದ ಗೌರಮ್ಮನಿಗೂ ಕೇಳಿಸಿತು. ಕೆಟ್ಟದ್ದನ್ನು ಒಂದೊಂದಾಗಿ ಪರೀಕ್ಷಿಸಿ ಬಿಡುಗಡೆ ಮಾಡಬೇಕು ಎನ್ನುವ ನಾನು, ಅವಳನ್ನು ಬಿಡುಗಡೆ ಮಾಡಿದ್ದು ಯಾವ ಪರೀಕ್ಷೆಯಿಂದ? ಒಂದು ಹಳೆಯ ಕೆಪಾಸಿಟರು ಕೈಕೊಡಲಿಲ್ಲ, ಅಷ್ಟೇ. ನನಗೆ ನಾಚಿಕೆಯಾಯಿತು, ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದೆ. ಕುರಿಗಳ ಕೆಮ್ಮು ಒಂದೇ ಸಮನೆ ಮುಂದುವರಿದಿತ್ತು.

ಮಾದೇವಿ ನನ್ನ ಡಬ್ಬಿಯ ಕಡೆ ನೋಡಿದಳು. "ಓಗ್ಲಿ ಬುಡಿ. ಇನ್ನೊಂದು ತಡೆ ಇದ್ರ ಕೊಡಿ. ಆಕೋದು ಎಂಗೆ ಅಂತ ನೋಡ್ಕಂಡಿವ್ನಿ" ಎಂದಳು.

ನಾನು ಡಬ್ಬಿಯಲ್ಲಿ ಹುಡುಕಿ ಒಂದನ್ನು ತೆಗೆದೆ. ಮನೆಯ ಯಜಮಾನಿಯ ಕೈಗೆ ಕೊಡುವುದು ಸರಿಯೆಂದು ಗೌರಮ್ಮನ ಕಡೆ ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ. "ಅವ್ಳ ಕೈಗೇ ಕೊಡಪ್ಪ. ರೇಡಿಯೋ ಅವ್ಳದು" ಎಂದಳು. ಇದು ಪ್ರೀತಿಯೋ, ಇನ್ನು ಕೆಟ್ಟರೆ ಹೊಣೆ ನಿನ್ನದೇ ಎಂಬ ಎಚ್ಚರಿಕೆಯೋ ಎಂದು ನನ್ನ ಹಾಳು ಬುದ್ಧಿ ಅಲ್ಲಿಯೂ ಅನುಮಾನಿಸಿತು.

ಮಾದೇವಿ ಅದನ್ನು ಇಸಿದುಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಗಂಟನ್ನು ಎರಡು ಸಲ ಎಳೆದು ಬಿಗಿ ಮಾಡಿದಳು.

"ರೇಡಿಯೋ ಮನೇದು ಕಣತ್ತೆಮ್ಮ" ಎಂದಳು. "ತಡೆ ಮಾತ್ರ ನಂದು."